ಪುತ್ರಜಯಾದ ಕಪಾಟಿನಲ್ಲಿರುವ ಮೊಝೆಲ್ ಆಂಟಿಯ ದನಿ

ಮಾನ್ಯ ಮುಖ್ಯಾಧಿಕಾರಿಗಳೇ,

ತಾವು ಹಿಂದಿರುಗಿಸದೆ ಇಟ್ಟುಕೊಂಡಿರುವುದು ಒಬ್ಬ ಮುದುಕಿಯ ದನಿಯನ್ನು. ಮಲೇಶಿಯಾದ ಈ ಮೆಲಾಕಾ ಊರಿನ ಮೊಝೆಲ್ ಆಂಟಿ ಕಳೆದ ವರ್ಷ ರಾಜಧಾನಿ ಪುತ್ರಜಯಾದಲ್ಲಿರುವ ತಮ್ಮ ಸರ್ಕಾರಿ ದಾಖಲೆ ಕಚೇರಿಯ ಧ್ವನಿಮುದ್ರಣ ಕೋಣೆಯಲ್ಲಿ ಕುಳಿತು, ಮಹಾಯುದ್ಧದ ದಿನಗಳ ಜಪಾನೀಯರ ಆಳ್ವಿಕೆಯಲ್ಲಿ ಯಹೂದಿ ಎಂಬ ಕಾರಣಕ್ಕೆ ತನಗೂ ತನ್ನ ಅಪ್ಪ ಅಮ್ಮನಿಗೂ ಏನಾಯಿತೆಂದು ಹೇಳಿದರು. ಅದರ ಪ್ರತಿ ಕೊಡಿ ಎಂದು ನಾನು ಬರೆದ ಬಹುತೇಕ ಪತ್ರಗಳಿಗೆ ‘ಗಮನಿಸಲಾಗಿದೆ’ ಎಂಬ ಉತ್ತರ ಬಂದಿದೆ. ತಮ್ಮ ಗಮನದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಆಂಟಿಯ ನೆನಪು ದಿನದಿನಕ್ಕೂ ಕರಗುತ್ತಿದೆ, ಅದು ತಮ್ಮ ಗಮನಕ್ಕಾಗಿ ಕಾಯುವುದಿಲ್ಲ. ಹಾಗಾಗಿ ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮಗೆ ಬರುವ ಮಲಯ, ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಬರೆದು ಆದ ಪ್ರಯೋಜನವನ್ನು ನೋಡಿದ ಮೇಲೆ, ಬಾರದ ಭಾಷೆಯಲ್ಲಿ ಬರೆದರೆ ಹೆಚ್ಚಿನ ನಷ್ಟವೇನೂ ಇಲ್ಲ ಅನ್ನಿಸಿತು. ಇದನ್ನು ಅಚ್ಚು ಹಾಕುವ ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆ ಓದುವ ನಾಲ್ಕು ಜನರಾದರೂ ಸಾಕ್ಷಿಯಾಗಲಿ.

ನಾನು ಉಡುಪಿ ಕಡೆಯವನು. ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಶರೀರರಚನೆ ಕಲಿಸುತ್ತೇನೆ. ಮಾತಾಡದ ದೇಹಗಳ ನಡುವೆ ದುಡಿಯುವವನಿಗೆ ಬೇರೆಯವರ ಕತೆಗಳಿಂದ ದೂರವಿರುವುದು ಅಭ್ಯಾಸವಾಗುತ್ತದೆ. ಅದೊಂದು ಸುಖವೂ ಹೌದು. ಮೊಝೆಲ್ ಆಂಟಿ ನಮ್ಮ ಪಕ್ಕದ ಮನೆಯವರು, ಪೋರ್ಚುಗೀಸ್ ಮೂಲದ ಗುಮಾಸ್ತರೊಬ್ಬರ ವಿಧವೆ, ಮಕ್ಕಳಿಲ್ಲ. ಬೀದಿಯವರು ಅವರನ್ನೂ ಗಂಡನ ಕಡೆಯವರೇ ಎಂದು ತಿಳಿದಿದ್ದರು, ಅವರೂ ತಿದ್ದಿರಲಿಲ್ಲ. ನನ್ನ ಹೆಂಡತಿ ವೇದವತಿಯ ಮುಂದೆ ಮಾತ್ರ ಒಂದು ಸಂಜೆ ಬಾಯಿಬಿಟ್ಟರು.

ಪೆನಾಂಗಿನಲ್ಲಿ ಅವರಪ್ಪನದು ಬಟ್ಟೆ ಅಂಗಡಿ. ಹಿಂದೆಂದೋ ಅರಬ್ ನಾಡಿನಿಂದ ಬಂದ ಯಹೂದಿಗಳು, ಮನೆಯಲ್ಲಿ ಅರಬ್ಬಿ ಮಾತು, ಅಪ್ಪನಿಗೆ ‘ಬಾಬಾ’. ಯುದ್ಧ ಬಂತೆಂದು ಸಿಂಗಾಪುರಕ್ಕೆ ಓಡಿದರು. ಯುದ್ಧವೂ ಅಲ್ಲಿಗೇ ಬಂತು. ಯಹೂದಿಗಳು ತೋಳಿಗೆ ಗುರುತಿನ ಪಟ್ಟಿ ಕಟ್ಟಿಕೊಳ್ಳಬೇಕೆಂಬ ಆಜ್ಞೆಯಾಯಿತು. ಆಮೇಲೆ ಗಂಡಸರನ್ನು ಶಿಬಿರಕ್ಕೆ ಒಯ್ದರು, ಯುದ್ಧ ಮುಗಿಯುವ ವರ್ಷ ಹೆಂಗಸರು ಮಕ್ಕಳನ್ನೂ ಒಯ್ದರು. ಅಲ್ಲಿ ಎರಡು ಭಾಗಗಳ ನಡುವೆ ಬೇಲಿ. ಇಲ್ಲಿನವರಂತೆ ಮಾತಿನ ಕೊನೆಗೆ ‘ಲಾ’ ಸೇರಿಸುವ ಆಂಟಿಯ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ:

“ನಮ್ಮ ಬಾಬಾ ದಪ್ಪ ಲಾ, ಅಕ್ಕಿ ಮೂಟೆ ಇದ್ದ ಹಾಗೆ. ಬೇಲಿ ಆಚೆ ನಿಂತವನು ನೋಡಿದ್ರೆ ಕಡ್ಡಿ. ಕೈ ಬೀಸ್ತಾನೆ. ಅಮ್ಮ ಚಿವುಟ್ತಾಳೆ, ಕರಿಯೇ, ಬಾಬಾ ಅಂತ ಕರಿ. ನಾನು ಕರೀಲಿಲ್ಲ. ಯಾರೋ ಭಿಕ್ಷುಕ ಅಂದ್ಕೊಂಡೆ. ಮುಖ ತಿರುಗಿಸಿಬಿಟ್ಟೆ.”

“ಆಮೇಲೆ, ಆಂಟಿ?” ಎಂದಳು ವೇದವತಿ.

“ಆಮೇಲಿಂದು ಒಂದೇ ಸಲ ಹೇಳೋದು. ನಿನಗಲ್ಲ, ನಿನ್ನ ಕಣ್ಣಲ್ಲಿ ಆಗ್ಲೇ ನೀರು. ಅಳದೇ ಕೇಳೋವ್ರಿಗೆ ಹೇಳ್ತೀನಿ. ತಗೋ, ಮೊದಲು ಮಕಾನ್, ತಿನ್ನು,” ಎಂದು ತಟ್ಟೆ ಮುಂದೆ ತಳ್ಳಿದರು.

ಅಳದೇ ಕೇಳುವವರು ಎಂದರೆ ಸರ್ಕಾರ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಯುದ್ಧಕಾಲದ ನೆನಪುಗಳನ್ನು ಸಂಗ್ರಹಿಸುತ್ತಿದ್ದೇವೆ ಎಂಬ ತಮ್ಮ ಪ್ರಕಟಣೆಯನ್ನು ಅವರೇ ಪತ್ರಿಕೆಯಲ್ಲಿ ನೋಡಿದ್ದರು. ಪುತ್ರಜಯಾಕ್ಕೆ ಕಾರು ಓಡಿಸಿದವನು ನಾನು. ಕೋಣೆಯೊಳಗೆ ನನ್ನನ್ನು ಬಿಡಲಿಲ್ಲ, ಹೊರಗೆ ಕೂತಿದ್ದೆ. ಹೊರಬಂದಾಗ ಅವರ ರವಿಕೆ ಬೆವರಿನಿಂದ ಒದ್ದೆಯಾಗಿತ್ತು. “ಎಲ್ಲಾ ಹೇಳಿ ಆಯ್ತು. ಇನ್ನು ನೀನು ಕೇಳ್ಬೇಡ,” ಎಂದರು. ದಾರಿಯುದ್ದಕ್ಕೂ ಮಗುವಿನಂತೆ ನಿದ್ದೆ ಮಾಡಿದರು. ನಾನು ಕೇಳಲಿಲ್ಲ. ಕೇಳದಿರುವುದು ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸ.

ಕೆಲವು ವಾರಗಳ ನಂತರ ತಮ್ಮ ಕಿರಿಯ ಅಧಿಕಾರಿಣಿ ಆಂಟಿಗೆ ಫೋನ್ ಮಾಡಿದರು, ಸ್ಪೀಕರಿನಲ್ಲಿ ನನಗೂ ಕೇಳಿಸುತ್ತಿತ್ತು. ಮೃದು ಮಾತಿನವರು. “ಆಂಟಿ, ತುಂಬಾ ಚೆನ್ನಾಗಿ ಹೇಳಿದೀರಿ. ಆದ್ರೆ ಆ ಒಂದು ಪದ ಈಗ ಬೇಡ. ಪರಿಸ್ಥಿತಿ ನೋಡ್ತಿದೀರಲ್ಲ. ಇನ್ನೊಂದು ಸಲ ಬನ್ನಿ, ನಿಮಗೆ ಗೊತ್ತಿದ್ದ ಯಾರೋ ಹುಡುಗಿ ಕತೆ ಅಂತ ಹೇಳಿಬಿಡಿ. ವಿದೇಶಿ ಕುಟುಂಬ ಅಂದ್ರೆ ಸಾಕು.”

“ಕ್ಯಾನ್ ಲಾ, ಕ್ಯಾನ್, ಅದಕ್ಕೇನಂತೆ,” ಎಂದರು ಆಂಟಿ. ಫೋನಿಟ್ಟು ನನ್ನ ಕಡೆ ತಿರುಗಿ, “ಏನು ಮುಖ ಅದು? ಹೆಣ ಕೊಯ್ಯೋನು ನೀನು, ಇಷ್ಟಕ್ಕೆಲ್ಲಾ ಬೇಜಾರಾ?” ಎಂದು ನಕ್ಕರು.

ಪರಿಸ್ಥಿತಿಯನ್ನು, ಗಾಝಾ ಯುದ್ಧದಿಂದಾಗಿ ಯಹೂದಿ ಎಂಬ ಪದದ ಮೇಲೇ ಇಲ್ಲಿ ಎದ್ದಿರುವ ಸಿಟ್ಟನ್ನು, ನಾನೂ ನೋಡುತ್ತಿದ್ದೇನೆ, ಮಾನ್ಯರೇ. ಗಾಝಾದ ಮಕ್ಕಳ ಚಿತ್ರ ಬಂದಾಗ ಟಿವಿ ಆರಿಸಿ ಎದ್ದುಹೋಗುವವನು ನಾನು. ಆಂಟಿ ಎದ್ದು ಹೋಗುವುದಿಲ್ಲ, ಕೂತು ಪೂರ್ತಿ ನೋಡುತ್ತಾರೆ. ಅಲ್ಲಿನ ಮಕ್ಕಳಿಗೆ ನ್ಯಾಯ ಸಿಗಬೇಕಾದರೆ ಇಲ್ಲೊಬ್ಬ ಮುದುಕಿ ತನ್ನ ಬಾಲ್ಯವನ್ನು ಬೇರೆಯವಳ ಹೆಸರಿಗೆ ಬರೆದುಕೊಡಬೇಕು ಎಂಬ ಲೆಕ್ಕ ಯಾವ ಶಾಸ್ತ್ರದ್ದು? ಆ ಜಪಾನಿ ಸೈನ್ಯಕ್ಕೆ ಅವಳು ಯಾರೆಂದು ಹೇಳಲು ಸಂಕೋಚವಿರಲಿಲ್ಲ, ತೋಳಿಗೇ ಕಟ್ಟಿಸಿತು. ತಮ್ಮ ಸಂಸ್ಕಾರ ದೊಡ್ಡದು, ಬಾಯಿಂದ ತೆಗೆಸಿದಿರಿ. ಎರಡೂ ಸಲ ಆ ಮಗು ತಕರಾರಿಲ್ಲದೆ ನಿಂತಿತು.

ಎರಡನೆಯ ಸಲ ನನ್ನನ್ನೂ ಒಳಗೆ ಬಿಟ್ಟರು. ಮುಚ್ಚಿಡುವಂಥದ್ದು ಏನೂ ಇರಲಿಲ್ಲವಲ್ಲ. “ಒಬ್ಬಳು ಹುಡುಗಿ ಇದ್ದಳು,” ಎಂದು ಶುರುಮಾಡಿದ ಆಂಟಿ ಸರಾಗವಾಗಿ ಹೇಳುತ್ತ ಹೋದರು, ಬೆವರಲಿಲ್ಲ. ಬೇಲಿಯ ಹತ್ತಿರ ಬಂದು, “ಹುಡುಗಿ ಕರೆಯಲಿಲ್ಲ,” ಎಂದು ನಿಲ್ಲಿಸಿದರು. ಬೇರೆಯವರ ಕತೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಬಹಳ ಸಮತೋಲನದಿಂದ ಕೂಡಿದೆ ಎಂದು ಅಧಿಕಾರಿಣಿ ಮೆಚ್ಚಿಕೊಂಡರು. ತಮ್ಮ ಜಾಲತಾಣದಲ್ಲಿರುವುದು ಅದೇ.

ಆಮೇಲೆ ಆಂಟಿಗೆ ಮರೆವು ಶುರುವಾಯಿತು. ಒಲೆ ಆರಿಸುವುದು, ಗಂಡ ತೀರಿಕೊಂಡದ್ದು, ಒಂದೊಂದಾಗಿ ಹೋದವು. ಶಿಬಿರ ಹೋಗಲಿಲ್ಲ. ಆದರೆ ಅದನ್ನು ಮನೆಯಲ್ಲೂ “ಒಬ್ಬಳು ಹುಡುಗಿ ಇದ್ದಳು” ಎಂದೇ ಹೇಳತೊಡಗಿದರು. ಕಾಲೇಜಿನ ನರರೋಗ ತಜ್ಞರನ್ನು ಕೇಳಿದೆ. ಈ ಕಾಯಿಲೆಯಲ್ಲಿ ಯಾವುದು ಮೊದಲು ಹೋಗುತ್ತದೆಂದು ಯಾರೂ ಹೇಳಲಾರರು ಎಂದರು. ಇರಬಹುದು. ನೆನಪು ಮನೆಬಿಟ್ಟು ಹೋಗುವುದು ಕಾಯಿಲೆಯಿಂದಲೇ ಇರಬಹುದು. ಬಾಗಿಲು ತೆರೆದುಕೊಟ್ಟವರು ಯಾರು?

ನನ್ನ ಗೆಳೆಯ ನವೀದ್ ಭಟ್ಕಳದವನು, ಪುಚೊಂಗ್‌ನಲ್ಲಿ ಎಂಜಿನಿಯರ್. ಮಾಮಕ್ ಅಂಗಡಿಯಲ್ಲಿ, ಎಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತ ಅವನಿಗೆ ಇದನ್ನೆಲ್ಲ ಹೇಳಿದೆ.

“ಸಾರ್, ಇಲ್ಲಿ ಕೆಲಸ ಮಾಡೋಕಿರೋ ನಿಮ್ಮ ಪಾಸ್ ರಿನ್ಯೂವಲ್ ಯಾವಾಗ?” ಎಂದ.

“ಡಿಸೆಂಬರಿಗೆ.”

“ಹಾಗಾದ್ರೆ ಸುಮ್ನಿರಿ ಅಂತ ಹೇಳ್ಬೇಕು ನಾನು.” ಚಹಾ ತಿರುವುತ್ತ ಕೂತ. “ಗಾಝಾ ಪರವಾದ ಮೆರವಣಿಗೆಗಳಿಗೆಲ್ಲ ನಾನು ಹೋದವನೇ ಸಾರ್, ನಾಳೆ ಇದ್ರೂ ಹೋಗ್ತೇನೆ. ಆದ್ರೆ ಯಾರದೋ ಸಿಟ್ಟು ಈ ಅಜ್ಜಿ ಮೇಲೆ ಯಾಕೆ? ಬರೀರಿ. ಹೆಸರು ಹಾಕ್ಬೇಡಿ ಅಂತ ಮಾತ್ರ ನನ್ನ ಬೇಡಿಕೆ. ನೀವು ಕೇಳೋರಲ್ಲ, ಗೊತ್ತು.”

ಬರೆದೆ. ಮೊದಲನೆಯ ಧ್ವನಿಮುದ್ರಣದ ಪ್ರತಿ ಕೊಡಿ, ಅವರ ದನಿಯನ್ನು ಅವರಿಗೇ ಒಮ್ಮೆ ಕೇಳಿಸಬೇಕು ಎಂದೆ. ತಮ್ಮ ಕಚೇರಿ ನಿಯಮ ತಪ್ಪಲಿಲ್ಲ. ಆಂಟಿಗೇ ಫೋನ್ ಮಾಡಿ, ಆ ಮೊದಲ ಧ್ವನಿಮುದ್ರಣದಲ್ಲಿರುವುದು ನಿಮ್ಮದೇ ಕತೆಯೇ ಎಂದು ವಿಚಾರಿಸಿತು. ನಾನು ಪಕ್ಕದಲ್ಲೇ ಇದ್ದೆ.

“ನಂದಲ್ಲ, ಅದು ಆ ಹುಡುಗಿದು,” ಎಂದರು ಆಂಟಿ, ನಿಮಗೆ ಸಹಾಯ ಮಾಡುವ ಉತ್ಸಾಹದಲ್ಲಿ.

ಹೇಳಿದವರೇ ತಮ್ಮದಲ್ಲವೆಂದಿದ್ದಾರೆ, ಕೇಳುತ್ತಿರುವವನು ಸಂಬಂಧಿಕನಲ್ಲ, ಆದ್ದರಿಂದ ವಿಷಯ ಮುಕ್ತಾಯವಾಗಿದೆ ಎಂದು ಬರೆದು ಕಳಿಸಿದಿರಿ. ಎಂಥ ಅಚ್ಚುಕಟ್ಟು! ನನ್ನದಲ್ಲ ಎನ್ನಲು ಕಲಿಸಿದವರೂ ನೀವೇ, ಕಲಿತದ್ದನ್ನು ಒಪ್ಪಿಸಿದಾಗ ಪೂರ್ತಿ ಅಂಕ ಕೊಟ್ಟವರೂ ನೀವೇ.

ಕಳೆದ ಭಾನುವಾರ ವೇದವತಿ ಅವರ ತಲೆ ಬಾಚುತ್ತಿದ್ದಳು. ನಾನು ಪತ್ರಿಕೆ ಓದುತ್ತಿದ್ದೆ, ಅಥವಾ ಮುಖಕ್ಕೆ ಅಡ್ಡ ಹಿಡಿದಿದ್ದೆ. ಆಂಟಿ ಇದ್ದಕ್ಕಿದ್ದಂತೆ ನನ್ನನ್ನು ಕೇಳಿದರು: “ಏಯ್ ಡಾಕ್ಟರ್, ಆ ಹುಡುಗಿ ಕೊನೆಗಾದ್ರೂ ಅವಳ ಬಾಬಾನ ಕರೆದಳಾ?”

ವೇದವತಿ ಬಾಚಣಿಗೆ ಕೆಳಗಿಟ್ಟಳು.

“ನಿನಗೆ ಗೊತ್ತು. ಹೇಳು ಲಾ. ಪಾಪ, ಆ ಮನುಷ್ಯ ಬೇಲಿ ಹತ್ರ ಕಾಯ್ತಿದ್ದಾನೆ.”

ನನಗೆ ಗೊತ್ತಿಲ್ಲ, ಮಾನ್ಯರೇ. ಕರೆದಳು ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ, ಕರೆಯಲಿಲ್ಲ ಎನ್ನಲು ನಾನು ಯಾರು? ಆ ಬಾಬಾ ಶಿಬಿರದಲ್ಲೇ ಸತ್ತರು ಎಂಬಷ್ಟು ಬಲ್ಲೆ. ಅದಕ್ಕೆ ಮುಂಚೆ ಏನಾಯಿತೆಂದು ಬಲ್ಲ ಒಬ್ಬಳೇ ಒಬ್ಬಳು ಈಗ ನನ್ನನ್ನು ಕೇಳುತ್ತಿದ್ದಾಳೆ. ಉತ್ತರ ತಮ್ಮ ಕಪಾಟಿನಲ್ಲಿದೆ, ಅವಳದೇ ದನಿಯಲ್ಲಿ. ಅಂದಿನಿಂದ ಆಂಟಿ ದಿನಾ ಅದೇ ಪ್ರಶ್ನೆ ಕೇಳುತ್ತಾರೆ. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಈಚೆಗೆ ನಾನು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೇನೆ.

ಪ್ರಕಟಿಸಿ ಎಂದು ಕೇಳುತ್ತಿಲ್ಲ. ಪ್ರತಿಯೂ ಬೇಡ. ತಮ್ಮ ಆ ಕೋಣೆಗೆ ಅವರನ್ನು ಕರೆತರುತ್ತೇನೆ, ಬಾಗಿಲು ಹಾಕಿಕೊಳ್ಳಿ, ನನ್ನನ್ನು ಹೊರಗೇ ಕೂರಿಸಿ. ಒಂದು ಸಲ ಆ ಮೊದಲ ಧ್ವನಿಮುದ್ರಣವನ್ನು ಅವರಿಗೆ ಕೇಳಿಸಿ. ಕರೆದಿದ್ದರೆ ಆ ಹುಡುಗಿ ತಾನೇ ಎಂದು ಅವರಿಗೆ ತಿಳಿಯಲಿ. ಕರೆದಿರದಿದ್ದರೆ, ಅದೂ ಅವರದೇ. ಅದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ.

ಇಂತಿ,
ಸಂಬಂಧಿಕನಲ್ಲವೆಂದು ತಾವೇ ದೃಢಪಡಿಸಿರುವ,
ಪಕ್ಕದ ಮನೆಯ ರತ್ನಾಕರ
ಮೆಲಾಕಾ