ಎಡಗೈಯ ಗಂಟೆ

ವರ್ತಕ ನಗರ, ಠಾಣೆ
ಮಂಗಳವಾರ

ಅತ್ತೆಯವರಿಗೆ,

ಕೋಪರಖೈರಣೆಯಿಂದ ಫೋನಿನ ಮೇಲೆ ಫೋನ್ ಮಾಡುತ್ತಿದ್ದೀರಿ. ಎತ್ತಿದರೆ ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆ, ಅದಕ್ಕೇ ಈ ಪತ್ರ.

ನಿಮ್ಮ ಮೊಮ್ಮಗಳು ಪ್ರಣೀತಾ ಬಾಯಿಬಿಟ್ಟು ಏನನ್ನೂ ಕೇಳಲಾರಳು. ಆಟಿಸಂ ಮಕ್ಕಳಿಗೆ ಇಷ್ಟದ ವಸ್ತು ಕೊಟ್ಟೇ ಕಲಿಸಬೇಕಂತೆ. ಇಷ್ಟ ಯಾವುದೆಂದು ತಿಳಿಯಲು ಥೆರಪಿ ಟೀಚರ್ ಮೊದಲು ಎರಡೆರಡು ವಸ್ತು ಎದುರಿಗಿಟ್ಟರು. ಏನಿಟ್ಟರೂ ಅವಳು ಬಲಗೈ ಚಾಚಿ ಬಲಗಡೆಯದ್ದನ್ನೇ ತೆಗೆದುಕೊಂಡಳು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ನಿನ್ನೆ ಬೇರೆ ರೀತಿ ಮಾಡಿದರು. ಎಲ್ಲವನ್ನೂ ನೆಲದ ಮೇಲೆ ಹರಡಿ, ಅವಳೊಬ್ಬಳನ್ನೇ ಬಿಟ್ಟು, ಗಾಜಿನಾಚೆಯಿಂದ ನೋಡಿದೆವು. ನೇರ ಹೋಗಿ ಅವುಗಳ ನಡುವಿದ್ದ ಪುಟ್ಟ ಗಂಟೆಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ಬಾಗಿಲ ಕಡೆ ನೋಡಿದಳು. ಗಂಟೆ ಕೆಳಗಿಟ್ಟು, ಬಲಗೈಯಿಂದ ತನ್ನ ಎಡಗೈಗೆ ತಾನೇ ಎರಡು ಪೆಟ್ಟು ಹಾಕಿಕೊಂಡಳು.

ಯಾರು ಹೊಡೆಯುತ್ತಾರೆಂದು ಟೀಚರ್ ಕೇಳಿದರು. “ಎಡಗೈಯಲ್ಲಿ ಮುಟ್ಬೇಡ ಅಂತ ಎಷ್ಟು ಸಲ ಹೇಳುದು ನಿಂಗೆ” ಎಂದು ಅವಳ ಕೈಗೆ ಹೊಡೆಯುತ್ತಾ ನೀವು ಹೇಳುವ ಮಾತನ್ನು ಹಾಗೇ ಒಪ್ಪಿಸಿದೆ. ನಿಮ್ಮ ಅಡುಗೆಮನೆಯಲ್ಲಿ ನಿಂತು ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ ಎಂದೂ ಹೇಳಿದೆ.

ನಿಮ್ಮ ದೇವರಕೋಣೆಯ ಗಂಟೆಯನ್ನು ಭಾನುವಾರ ನಿಮ್ಮ ಮಗನ ಕೈಯಲ್ಲಿ ಕಳಿಸಿ. ನೀವು ಬರಬೇಡಿ. ಬಲಗೈಯಲ್ಲಿ ಆರತಿ ಎತ್ತುವಾಗ ಆ ಗಂಟೆಯನ್ನು ನೀವು ಬಾರಿಸುವುದು ಎಡಗೈಯಲ್ಲೇ. ಅವಳು ನಿಮ್ಮನ್ನು ನೋಡಿಯೇ ಕಲಿತದ್ದು.

ಪ್ರಣೀತಾಳ ಅಮ್ಮ,
ನಿಕಿತಾ