ಪಕ್ಕದ ಮನೆಗೆ ಹೋದ ಕುರ್ಚಿ

ಅಪ್ಪಾ,

ಈ ಕಾಗದ ಸೇರುವಂಥ ವಿಳಾಸ ನಿನಗೀಗ ಇಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಮರಗೆಲಸದ ತರಬೇತಿಗೆ ಸೇರಬೇಕೆಂದಿದ್ದೇನೆ. ನಗಬೇಡ, ನಾನೇ. ಫೀಸಿಗೆಂದು ಒಂದು ಟ್ರಸ್ಟಿಗೆ ಅರ್ಜಿ ಹಾಕಿದ್ದೆ. ಅಲ್ಲಿಯ ಮೇಡಂ ಇವತ್ತು ನಮ್ಮ ಮನೆಯ ಸ್ಥಿತಿ ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಅಮ್ಮ ನೀನು ಮಾಡಿದ ತೇಗದ ಕುರ್ಚಿಯ ಮುಂದೆ ನಿಂತಳು.

"ಇದನ್ನ ನೋಡಿದ್ರೆ ನಮ್ಮನ್ನ ಬಡವರು ಅಂತ ಯಾರು ನಂಬ್ತಾರೋ? ಪಕ್ಕದ ಮನೇಲಿ ಇಟ್ಟು ಬಾ."

ಹೊತ್ತುಕೊಂಡು ಹೋದೆ. ಪಕ್ಕದ ಮನೆಯ ಅಜ್ಜಿ ಕೂಡಲೇ ಅದರಲ್ಲಿ ಕೂತು, "ನಿಮ್ಮ ಬಡತನ ಭಾರೀ ಸುಖವಾಗಿದೆ ಕಣೋ" ಎಂದರು.

ಮೇಡಂ ಬಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು. ನೀನು ಬಡಗಿಯಾಗಿದ್ದೆ ಎಂದು ನಾನು ಹೇಳಿದಾಗ ಅವರ ಮುಖ ಅರಳಿತು.

"ತಂದೆ ಮಾಡಿದ್ದು ಏನಾದ್ರೂ ಇದ್ರೆ ತೋರಿಸಪ್ಪ, ನೋಡೋಣ."

ಅಮ್ಮ ತಲೆ ತಗ್ಗಿಸಿದಳು. ಹಿಂದೊಮ್ಮೆ ಮೇಷ್ಟರಿಗೆ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳಿ ಶಾಲೆ ಬಿಟ್ಟುಬಂದವನು ನಾನು.

"ಏನೂ ಇಲ್ಲ ಮೇಡಂ" ಎಂದೆ.

"ಪಾಪ, ಮನೆಗೆ ಅಂತ ಏನೂ ಮಾಡ್ಲೇ ಇಲ್ವಾ!" ಎಂದು ನಿನ್ನ ಬಗ್ಗೆ ಮರುಗಿದರು. ಹೊರಡುವಾಗ, ಹಣ ಖಂಡಿತ ಸಿಗುತ್ತದೆ ಎಂದರು.

ಸಂಜೆ ಕುರ್ಚಿಯನ್ನು ತಂದು ಅದರ ಜಾಗದಲ್ಲೇ ಇಟ್ಟೆ. ಅಮ್ಮ ಒದ್ದೆ ಬಟ್ಟೆಯಿಂದ ಅದರ ಕೈಗಳನ್ನು ಒರೆಸಿದಳು. "ಕೂತ್ಕೋ" ಎಂದಳು. "ನೀನೇ ಕೂತ್ಕೋಮ್ಮ" ಎಂದೆ.

ಅದು ಈಗಲೂ ಖಾಲಿಯಿದೆ. ನಾನು ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.