ಬೆದರುಗೊಂಬೆ ಪಾಸು, ದ್ಯಾಮವ್ವ ಫೇಲು

ಹೊಸಗುಡ್ಡ, ಫೆಬ್ರವರಿ ಮೂವತ್ತು, ೨೨೪೦

ಹಿರಿಯರಿಗೆ ಶರಣು. ನನ್ನ ಪಾಲಿಗೆ ನೀವು ಸತ್ತು ಎಷ್ಟೋ ತಲೆಮಾರಾಯಿತು, ಕ್ಷೇಮವೇ ಎಂದು ಕೇಳುವಂತಿಲ್ಲ. ಫೆಬ್ರವರಿಗೆ ಮೂವತ್ತು ದಿನ ಮಾಡಿಕೊಂಡವರು ನಾವೇ, ತಕರಾರು ಬೇಡ. ನನ್ನ ಮಾತು ನಿಮ್ಮ ಕಿವಿಗೆ ಒರಟಾದರೆ ಕ್ಷಮಿಸಿ. ಸಿಟ್ಟು ಒರಟಾದರೆ ಕ್ಷಮಿಸಬೇಡಿ, ಅದು ಬೇಕೆಂದೇ ಇಟ್ಟಿದ್ದು. ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವನು ನಾನು. ಸುತ್ತ ಹತ್ತೂರಲ್ಲಿ ಇಷ್ಟು ದುಂಡಗೆ ಬರೆಯುವವನು ಇನ್ನೊಬ್ಬನಿಲ್ಲ. ಹಿಂದಿನ ಕಾಲಕ್ಕೆ ಪತ್ರ ಕಳಿಸುವ ಅವಕಾಶ ನಮಗೆ ಜನ್ಮಕ್ಕೊಮ್ಮೆ. ಉಳಿದವರು ಅಜ್ಜ ಬಂಗಾರ ಹೂತಿಟ್ಟ ಜಾಗ ಕೇಳುತ್ತಾರೆ. ನಾನು ತಂಗಿಯ ಮಗಳು ನೀಲಗಂಗಾಳಿಗಾಗಿ ಬರೆಯುತ್ತಿದ್ದೇನೆ.

ಅವಳು ಯೋಗ ಕಲಿಸುವವಳು. ನಮ್ಮಲ್ಲಿ ಆ ದಾರಿ ಉದ್ದ. ಮೊದಲು ಗುರುವಿನ ಅಂಗಳದಲ್ಲಿ ಸುಮ್ಮನೆ ಕೂತು ಬೇರೆಯವರ ಉಸಿರು ಕೇಳಬೇಕು. ಆಮೇಲೆ ತನ್ನ ಮೈ ಪಳಗಿಸಬೇಕು. ಕೊನೆಗೆ, ಅಂಗಳಕ್ಕೆ ಬರಲಾಗದವರ ಮನೆಗೆ ತಾನೇ ಹೋಗಬೇಕು. ಇವಳು ಹೋಗಿದ್ದು ಕಸಗಣಿಯವರ ಕೇರಿಗೆ. ಕಸಗಣಿ ಎಂದರೆ ನೀವು ಎಸೆದ ಪ್ಲಾಸ್ಟಿಕ್ಕಿನ ಗುಡ್ಡ. ಅದನ್ನು ಅಗೆದು ಅಗೆದು ನಮ್ಮವರ ಬೆನ್ನು ಕುಡುಗೋಲಾಗಿದೆ. ಅಲ್ಲಿಯ ದ್ಯಾಮವ್ವನ ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ನೀಲಗಂಗಾ ದಿನಾ ಅವಳನ್ನು ಗೋಡೆಗೆ ನಿಲ್ಲಿಸಿ, ಒಂದೊಂದು ಉಸಿರಿಗೆ ಇಷ್ಟಿಷ್ಟೇ ಕೈ ಹತ್ತಿಸಿದಳು. ಒಂದು ಮುಂಜಾನೆ ಮುದುಕಿ ತನ್ನ ತುರುಬು ತಾನೇ ಕಟ್ಟಿಕೊಂಡು, “ಯವ್ವಾ ನೀಲಿ, ಇನ್ನ ಸೊಸಿ ಮುಂದ ತಲಿ ಬಗ್ಗಸೂದು ತಪ್ಪಿತಲ್ಲ!” ಎಂದು ಕುಣಿದಳು.

ಕಲಿಸುವ ಅಪ್ಪಣೆಯ ಪರೀಕ್ಷೆಗೆ ನಿಲ್ಲಬೇಕಾದವರು ಗುರುವಲ್ಲ, ಶಿಷ್ಯರು. ಇದು ನಮ್ಮ ಪದ್ಧತಿ. ತೀರ್ಪು ಭಂಗಿಗಣ್ಣಿನದು, ಅಂದರೆ ಆಸನ ನೋಡಿ ತಪ್ಪು ಒಪ್ಪು ಹೇಳುವ ಯಂತ್ರದ್ದು. ದ್ಯಾಮವ್ವನ ಕೈ ತಲೆಯವರೆಗೆ ಎದ್ದಿತು. ಯಂತ್ರ ‘ತಪ್ಪು’ ಎಂದಿತು. ನೀಲಗಂಗಾಳಿಗೆ ಅಪ್ಪಣೆ ಸಿಗಲಿಲ್ಲ. ಇನ್ನೊಮ್ಮೆ ಹೀಗಾದರೆ ಜನ್ಮದಲ್ಲಿ ಕಲಿಸುವಂತಿಲ್ಲ.

ನಾನು ಬಿಡುವವನೇ? ಹೊಲದ ಬೆದರುಗೊಂಬೆಯನ್ನು ತಂದು, ತ್ರಿಕೋನಾಸನಕ್ಕೆ ಬಗ್ಗಿಸಿ, ಯಂತ್ರದ ಮುಂದೆ ನಿಲ್ಲಿಸಿದೆ. ‘ಉತ್ತಮ’ ಎಂದಿತು! “ಏನ್ರೀ ಪರೀಕ್ಷಕರ, ನಿಮ್ಮ ಉತ್ತಮ ಶಿಷ್ಯಗ ಉಸರ ಇಲ್ಲಲ್ರೀ,” ಎಂದೆ. “ಕಲ್ಲಿನಾಥ ಮಾವ, ಹುಚ್ಚಾಟ ಸಾಕ್ ಮಾಡು. ಅದು ಹಿರಿಯರ ಚಿತ್ರ ನೋಡಿ ಕಲ್ತೈತಿ,” ಎಂದರು ಯಂತ್ರದ ಪಕ್ಕ ಕೂತ ಪರೀಕ್ಷಕರು. ಯಾವ ಹಿರಿಯರು? ನೀವು! ಆ ಚಿತ್ರಗಳನ್ನು ತೆಗೆಸಿ ನೋಡಿದೆ. ಸಮುದ್ರದಂಡೆಯಲ್ಲಿ, ಬಂಡೆಯ ತುದಿಯಲ್ಲಿ ಬಿಲ್ಲಿನಂತೆ ಬಾಗಿದ ಹರೆಯದ ಮೈಗಳು. ಒಬ್ಬ ಮುದುಕಿಯಿಲ್ಲ, ಒಂದು ಗೂನುಬೆನ್ನಿಲ್ಲ, ಕುರ್ಚಿ ಹಿಡಿದ ಒಂದು ಕೈಯಿಲ್ಲ. ನಿಮ್ಮ ಕಾಲದಲ್ಲಿ ಮಂಡಿನೋವೇ ಇರಲಿಲ್ಲವೇ? ಇತ್ತು, ನಡುಗುವ ಮೈಯ ಚಿತ್ರಗಳನ್ನೆಲ್ಲ ನಾಚಿಕೊಂಡು ಅಳಿಸಿದಿರಿ. ಗುಡ್ಡದಷ್ಟು ಕಸ ಉಳಿಸಿದವರಿಗೆ ಅಳಿಸಲು ಸಿಕ್ಕಿದ್ದು ಅದೊಂದೇ!

ಆದ್ದರಿಂದ ಕೇಳಿ. ನಿಮ್ಮ ಅಜ್ಜಿ ಗೋಡೆ ಹಿಡಿದು ಅರ್ಧ ಕೈಯೆತ್ತಿದ ಚಿತ್ರವಿದ್ದರೆ ಅಳಿಸಬೇಡಿ. ಇಲ್ಲದಿದ್ದರೆ ಇಂದೇ ಒಂದು ತೆಗೆದಿಡಿ, ಯಂತ್ರ ಅದನ್ನೂ ನೋಡಿ ಕಲಿಯಲಿ. ಸುಗ್ಗಿಯ ಹೊತ್ತಿಗೆ ಮುಂದಿನ ಪರೀಕ್ಷೆ, ಯಂತ್ರ ಮತ್ತೆ ಕಣ್ಣು ತೆರೆಯುತ್ತದೆ. ಅಲ್ಲಿಯವರೆಗೆ, ಶಿಷ್ಯೆ ಫೇಲಾದ ತಪ್ಪಿಗೆ, ನೀಲಗಂಗಾ ಕೇರಿಗೆ ಕಾಲಿಡುವಂತಿಲ್ಲ. ದ್ಯಾಮವ್ವನ ಕೈ ದಿನದಿನಕ್ಕೆ ಕೆಳಗಿಳಿಯುತ್ತಿದೆ. ನಿನ್ನೆ ತುರುಬನ್ನು ಸೊಸೆಯೇ ಕಟ್ಟಿದಳು.

ನಿಮ್ಮ ಮೇಲೆ ಸಿಟ್ಟಾದ, ನಿಮ್ಮದೇ ಕುಡಿ,
ಕಲ್ಲಿನಾಥ